ಚಳಿಗಾಲದ ಸೊಲ್ಲಾಪುರ ಮತ್ತು ಶಾಲೆಯ ಹಳೇ ಕ್ಯಾಮರಾ

“ಸರ್, ನಮ್ಮ ಸೊಲ್ಲಾಪುರದಾಗ ಫೋಟೋ ತಗಿಯೂವಂಥಾದ್ದು ಏನದ ರೀ? ಧೂಳು ಅದ, ಬಿಸಲು ಅದ, ಅಷ್ಟ.”

ಕಳೆದ ವರ್ಷ ನವೆಂಬರ್ ಕೊನೆಗೆ ಒಂಬತ್ತನೇ ಇಯತ್ತೆಯ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇದು. ನಮ್ಮ ಶಾಲೆಯಲ್ಲಿ ಪ್ರತಿ ಸಂಕ್ರಾಂತಿಗೆ ಭಿತ್ತಿಪತ್ರಿಕೆಯ ವಿಶೇಷ ಸಂಚಿಕೆ ತರುವ ರೂಢಿ. ಎಳ್ಳು ಬೆಲ್ಲದ ಮೇಲೆ ನಾಲ್ಕು ಕವಿತೆ, ಗಾಳಿಪಟದ ಚಿತ್ರ, ಮುಖ್ಯೋಪಾಧ್ಯಾಯರ ಸಂದೇಶ, ಮುಗಿಯಿತು. ಈ ಸಲ ಮಕ್ಕಳೇ ತೆಗೆದ ಫೋಟೋ ಹಾಕೋಣ ಅಂತ ನಮಗೆ ಅನ್ನಿಸಿತು. ಪುಣೆಯಲ್ಲಿ ನೌಕರಿ ಮಾಡುವ ಹಳೇ ವಿದ್ಯಾರ್ಥಿಯೊಬ್ಬ ಕೊಟ್ಟುಹೋದ ಡಿಜಿಟಲ್ ಕ್ಯಾಮರಾ ಕಪಾಟಿನಲ್ಲಿ ಸುಮ್ಮನೆ ಕೂತಿತ್ತು. ಎರಡು ಪೆನ್ಸಿಲ್ ಸೆಲ್ಲಿನ ಮೇಲೆ ನಡೆಯುವಂಥದು. ಅದರ ಜೊತೆಗೆ ನಮ್ಮ ಎರಡು ಮೊಬೈಲು.

ನಾವು ಅಂದರೆ ಇಬ್ಬರು ಶಿಕ್ಷಕರು, ಒಬ್ಬರು ಕನ್ನಡದವರು, ಒಬ್ಬರು ವಿಜ್ಞಾನದವರು, ಮತ್ತು ಹದಿನಾಲ್ಕು ಮಕ್ಕಳು. ಹೌದು, ಆ ವರ್ಗದಲ್ಲಿ ಇದ್ದದ್ದೇ ಹದಿನಾಲ್ಕು. ಗಡಿಯಾಚೆಯ ಕನ್ನಡ ಶಾಲೆಗಳ ಓದುಗರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ನಿಜ ಹೇಳಬೇಕೆಂದರೆ ಹುಡುಗನ ಪ್ರಶ್ನೆಗೆ ನಮ್ಮ ಹತ್ತಿರವೂ ಉತ್ತರ ಇರಲಿಲ್ಲ. ಬೀಗರು ಬಂದರೆ ಸಿದ್ಧೇಶ್ವರ ಗುಡಿ, ಭುಯಿಕೋಟ ಕಿಲ್ಲೆ ತೋರಿಸಿ, ಎರಡು ಚಾದರ, ಅರ್ಧ ಕಿಲೋ ಶೇಂಗಾ ಚಟ್ನಿ ಕೊಡಿಸಿ ಬಸ್ಸು ಹತ್ತಿಸುತ್ತೇವೆ. ನಮ್ಮ ಊರು ನಮಗೆ ಗೊತ್ತಿದ್ದದ್ದು ಅಷ್ಟೇ. ಮೊದಲ ಭಾನುವಾರ ಮಕ್ಕಳನ್ನೂ ಅಲ್ಲಿಗೇ ಕರೆದುಕೊಂಡು ಹೋದೆವು.

ಬೆಳಿಗ್ಗೆ ಆರೂವರೆಗೆ ಶಾಲೆಯ ಗೇಟಿನ ಮುಂದೆ ಎಲ್ಲರೂ ಹಾಜರು. ಕಿವಿಗೆ ಮಫ್ಲರ್, ಒಬ್ಬಳು ಮನೆಯ ಚಾದರವನ್ನೇ ಹೊದ್ದು ಬಂದಿದ್ದಳು. ನಮ್ಮ ಕಡೆ ಚಳಿ ಅಂದರೆ ಬೆಳಗಿನ ಮೂರು ತಾಸಿನ ಚಳಿ. ಹನ್ನೊಂದಕ್ಕೆ ಸ್ವೆಟರ್ ಸೊಂಟಕ್ಕೆ ಕಟ್ಟಿಕೊಳ್ಳಬೇಕು. ಆದರೂ ಆ ಮೂರು ತಾಸು ಬಾಯಿಂದ ಹೊಗೆ ಬರುತ್ತದೆ ಅನ್ನುವುದೇ ಮಕ್ಕಳಿಗೆ ದೊಡ್ಡ ಸಂಭ್ರಮ. ಕ್ಯಾಮರಾದ ಹಳೇ ಸೆಲ್ಲುಗಳು ಮಾತ್ರ ಹತ್ತು ಫೋಟೋಕ್ಕೇ ಕಣ್ಣು ಮುಚ್ಚಿದವು. ಧೂಳು ಬಿಟ್ಟರೆ ಏನಿದೆ ಅಂತ ಕೇಳಿದ್ದನಲ್ಲ, ಅದೇ ಹುಡುಗ ಅವುಗಳನ್ನು ತೆಗೆದು ಅಂಗೈಯಲ್ಲಿ ತಿಕ್ಕಿ, ಶರ್ಟಿನ ಒಳಜೇಬಿನಲ್ಲಿ ಐದು ನಿಮಿಷ ಇಟ್ಟುಕೊಂಡ. ಮತ್ತೆ ನಾಲ್ಕು ಫೋಟೋ ಬಂದವು. ಅಂದಿನಿಂದ ಸೆಲ್ಲಿನ ಉಸ್ತುವಾರಿ ಅವನದೇ ಆಯಿತು.

ಸೋಮವಾರ ಕಂಪ್ಯೂಟರಿಗೆ ಹಾಕಿ ನೋಡಿದರೆ ನೂರಕ್ಕೂ ಹೆಚ್ಚು ಫೋಟೋ, ಎಲ್ಲವೂ ಒಂದೇ! ಕೆರೆಯ ನಡುವೆ ಗುಡಿ. ಕಿಲ್ಲೆಯ ಗೋಡೆ. ಗುಡಿಯ ಮುಂದೆ ಎರಡು ಬೆರಳು ಎತ್ತಿದ ಗೆಳತಿ. “ಕ್ಯಾಲೆಂಡರ್‌ನಾಗ ಇದಕಿಂತ ಚಲೋ ಬಂದದ ಸರ್” ಅಂದಳು ಒಬ್ಬ ಹುಡುಗಿ. ಹೊಟ್ಟೆಕಿಚ್ಚಿಲ್ಲದ ವಿಮರ್ಶೆ! ಆದರೆ ಆ ರಾಶಿಯಲ್ಲಿ ಒಂದೇ ಒಂದು ಬೇರೆ ಇತ್ತು. ಕೆರೆದಂಡೆಯ ಚಹಾದ ಗಾಡಿ. ಚಹಾದವ ಪಾತ್ರೆ ಎತ್ತಿ ಸೋಸುತ್ತಿದ್ದಾನೆ, ಹಿಂದಿನಿಂದ ಸೂರ್ಯ, ಹಬೆ ಪೂರ್ತಿ ಬಂಗಾರದ ಬಣ್ಣ. ಚಹಾದವನ ಮುಖ ಕಪ್ಪಾಗಿದೆ, ಯಾರಂತ ಗೊತ್ತಾಗುವುದಿಲ್ಲ. ಆದರೂ ಹದಿನಾಲ್ಕೂ ಮಕ್ಕಳು ಅದರ ಮುಂದೆಯೇ ನಿಂತರು.

ಯಾಕೆ ಅನ್ನುವುದನ್ನು ನಮ್ಮ ವಿಜ್ಞಾನದ ಮೇಡಂ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರು. ಸೊಲ್ಲಾಪುರ ಇರುವುದು ಸುಮಾರು ಹದಿನೇಳೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ನಡುವೆ ಒಂದು ದಿನ ಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬಂದು ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆ ಬೆಳಕಿನಲ್ಲಿ ಫೋಟೋ ತೆಗೆದರೆ ಕಣ್ಣಿನ ಜಾಗದಲ್ಲಿ ಎರಡು ಕಪ್ಪು ತೂತು. ಡಿಸೆಂಬರ್ ಕೊನೆಯಲ್ಲಿ ಹಾಗಲ್ಲ. ನಡುಮಧ್ಯಾಹ್ನವೂ ಸೂರ್ಯ ಕ್ಷಿತಿಜದಿಂದ 49 ಡಿಗ್ರಿಯಷ್ಟೇ ಮೇಲೇರುತ್ತಾನೆ. ಇಡೀ ದಿನ ಬೆಳಕು ಓರೆಯಾಗಿ ಬೀಳುತ್ತದೆ, ನೆರಳು ಉದ್ದ, ಗೋಡೆಯ ಒಂದೊಂದು ಒರಟೂ ಎದ್ದು ಕಾಣುತ್ತದೆ. ಬೆಳಗಿನ ಹೊಗೆ, ಧೂಳು, ಮಂಜು ಸೇರಿ ಬೆಳಕಿಗೆ ಒಂದು ಸೋಸುವ ಬಟ್ಟೆ ಕಟ್ಟಿದ ಹಾಗೆ ಆಗುತ್ತದೆ. ಹಾಗಾದರೆ ಹುಡುಗ ಬೈದ ಧೂಳೇ ನಮ್ಮ ಬಂಡವಾಳ ಅಂತಾಯಿತು. ಅವನಿಗೆ ಹಾಗಂತ ಹೇಳಿದಾಗ ಅವನೂ ನಕ್ಕ.

ಎರಡನೇ ಭಾನುವಾರದ ಕೆಲಸ ಕನ್ನಡದ ಮೇಷ್ಟ್ರ ತಲೆಯಿಂದ ಬಂದದ್ದು. “ಊರಾಗ ಕನ್ನಡ ಅಕ್ಷರ ಎಲ್ಲೆಲ್ಲಿ ಅವ, ಹುಡುಕಿ ಫೋಟೋ ತಗೊಂಡು ಬರ್ರಿ.” ಹನ್ನೆರಡನೇ ಶತಮಾನದಲ್ಲಿ ಸಿದ್ಧರಾಮ ಕನ್ನಡದಲ್ಲಿ ವಚನ ಬರೆದ ಸೊನ್ನಲಿಗೆ ಇದು. 1974ರಲ್ಲಿ ಮಂಡ್ಯದಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷೆಯಾದ ಜಯದೇವಿತಾಯಿ ಲಿಗಾಡೆಯವರ ಊರು ಇದು. ಅಕ್ಷರ ಸಿಗದೇ ಇರುತ್ತದೆಯೇ ಅಂತ ನಮ್ಮ ಹುಮ್ಮಸ್ಸು.

ಎರಡು ತಾಸು ಅಲೆದರೂ ಕೈಗೆ ಹತ್ತಿದ್ದು ಆರೋ ಏಳೋ. ನಮ್ಮದೇ ಶಾಲೆಯ ಬೋರ್ಡು. ಒಂದು ಮಠದ ಬಾಗಿಲು. ಒಂದು ಅಂಗಡಿಯ ಬೋರ್ಡಿನ ಮೂಲೆಯಲ್ಲಿ, ಹೊಸ ಬಣ್ಣದ ಕೆಳಗಿನಿಂದ ಅರ್ಧ ಇಣುಕುವ ‘ಬಟ್ಟೆ’ ಅನ್ನುವ ಶಬ್ದ. ಮಕ್ಕಳ ಮುಖ ಸಣ್ಣದಾಯಿತು, ನಮ್ಮದೂ. ಕಡೆಗೆ ಎಸ್.ಟಿ. ಸ್ಟ್ಯಾಂಡಿಗೆ ಹೋದೆವು. ಅಲ್ಲಿ ಕರ್ನಾಟಕ ಸಾರಿಗೆಯ ಬಸ್ಸುಗಳು ನಿಂತಿದ್ದವು. ಇಂಡಿ, ವಿಜಯಪುರ, ಕಲಬುರಗಿ. ಮಕ್ಕಳು ಬಹಳ ದಿನದ ಮೇಲೆ ತವರಿನವರನ್ನು ಕಂಡವರ ಹಾಗೆ ಓಡಿದರು. ಕಂಡಕ್ಟರ್ ಅಣ್ಣ ಕೆಳಗಿಳಿದು “ಯಾವ ಸಾಲಿ ತಮ್ಮಾ?” ಅಂತ ಕೇಳಿ, ಕನ್ನಡ ಶಾಲೆ ಅಂದಕೂಡಲೇ ಬೋರ್ಡು ಒರೆಸಿ ಕೊಟ್ಟ. ಒಬ್ಬ ಹುಡುಗಿ ಬಸ್ಸಿನ ಕಿಟಕಿಯ ಗಾಜಿಗೆ ಕೂತಿದ್ದ ಇಬ್ಬನಿಯ ಮೇಲೆ ಬೆರಳಿನಿಂದ ತನ್ನ ಹೆಸರು ಬರೆದಳು. ಅದರ ಫೋಟೋ ಚೆನ್ನಾಗಿ ಬಂತು. ಅಕ್ಷರಗಳ ಒಳಗಿನಿಂದ ಸ್ಟ್ಯಾಂಡಿನ ಜನ ಕಾಣುತ್ತಾರೆ. ಬಸ್ಸು ಬಿಡುವ ಹೊತ್ತಿಗೆ ಬಿಸಿಲು ಬಂದು ಹೆಸರು ಹರಿದುಹೋಗಿತ್ತು.

ಶಾಲೆಗೆ ಮರಳಿ ಬೋರ್ಡಿನ ಕೆಳಗೆ ಎಲ್ಲರದೂ ಒಂದು ಗುಂಪು ಫೋಟೋ ತೆಗೆದೆವು. ಸೆಲ್ಲಿನ ಹುಡುಗ “ನಾ ತಗೀತೀನಿ ಸರ್” ಅಂದ. ಮುಂದಿನ ವಾರವೂ ಹಾಗೇ ಅಂದ. ಕ್ಯಾಮರಾದ ಹುಚ್ಚು ಹತ್ತಿದೆ ಅಂತ ನಾವು ಖುಷಿಪಟ್ಟೆವು.

ಮೂರನೇ ಭಾನುವಾರದ ಮಾತು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಅಂದು ತಪ್ಪು ಮಾಡಿದವರು ಮಕ್ಕಳಲ್ಲ, ನಾವು. ಊರಿನ ಪೂರ್ವ ಭಾಗಕ್ಕೆ ಹೋಗಿದ್ದೆವು. ಆಂಧ್ರ, ತೆಲಂಗಾಣದ ಕಡೆಯಿಂದ ತಲೆಮಾರುಗಳ ಹಿಂದೆ ಬಂದು ನೆಲೆಸಿದ ಪದ್ಮಶಾಲಿ ನೇಕಾರರ ಓಣಿಗಳವು. ಮಗ್ಗದ ಖಡಖಡ ಸದ್ದು ಮನೆಯೊಳಗಿಂದಲೇ ಬರುತ್ತದೆ. ನಮ್ಮ ವರ್ಗದ ಒಬ್ಬ ಹುಡುಗನ ಅಪ್ಪ ಅಲ್ಲಿಯ ಒಂದು ಪವರ್‌ಲೂಮ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾರೆ. ಮಾಲೀಕರನ್ನು ಕೇಳಿ ಒಳಗೆ ಬಿಟ್ಟರು. ಮೇಲೆ ಜಕಾರ್ಡ್, ಅದರಿಂದ ತೂತು ಹೊಡೆದ ರಟ್ಟಿನ ಪಟ್ಟಿಗಳ ಉದ್ದನೆ ಮಾಲೆ ಇಳಿಬಿದ್ದಿತ್ತು. ಯಾವ ನೂಲು ಮೇಲೇಳಬೇಕು, ಯಾವುದು ಕೆಳಗೆ ಉಳಿಯಬೇಕು ಅನ್ನುವುದನ್ನು ಆ ತೂತುಗಳೇ ಹೇಳುತ್ತವೆ. ಹಂಚಿನ ಸಂದಿಯಿಂದ ಬಿದ್ದ ಬೆಳಕಿನಲ್ಲಿ ಹತ್ತಿಯ ನವಿರು ಧೂಳು ಹಾರಾಡುತ್ತಿತ್ತು. ಫೋಟೋಕ್ಕೆ ಅದು ಬಹಳ ಚಂದ. ದಿನಕ್ಕೆ ಹತ್ತು ತಾಸು ಅದೇ ಗಾಳಿ ಕುಡಿಯುವ ಅಪ್ಪನಿಗೆ ಅದು ಚಂದವಲ್ಲ ಅಂತ ಮಗ ಹೇಳಿದ. ನಾವು ಸುಮ್ಮನಾದೆವು.

ಅಪ್ಪ ನೇಯ್ದ ಚಾದರವನ್ನು ಆ ಹುಡುಗ ತಿರುಗಿಸಿ ತೋರಿಸಿದ. ಒಂದು ಮಗ್ಗುಲಿಗೆ ಕೆಂಪು ನೆಲದ ಮೇಲೆ ಬಿಳಿ ನವಿಲು, ಇನ್ನೊಂದು ಮಗ್ಗುಲಿಗೆ ಬಿಳಿ ನೆಲದ ಮೇಲೆ ಕೆಂಪು ನವಿಲು. ಎರಡೂ ಕಡೆ ಹೊದೆಯಬಹುದು. “ಇದು ನೆಗೆಟಿವ್ ಇದ್ದಂಗ” ಅಂದರು ನಮ್ಮ ಮೇಡಂ. ಹದಿನಾಲ್ಕು ಮಕ್ಕಳಲ್ಲಿ ಒಬ್ಬರೂ ಫಿಲ್ಮಿನ ನೆಗೆಟಿವ್ ನೋಡಿರಲಿಲ್ಲ. ಮರುದಿನ ಮೇಡಂ ಮನೆಯಿಂದ ತಮ್ಮ ಮದುವೆಯ ನೆಗೆಟಿವ್ ತಂದು ಕಿಟಕಿಗೆ ಹಿಡಿದು ತೋರಿಸಬೇಕಾಯಿತು.

ತಪ್ಪು ಆದದ್ದು ಹೊರಗೆ ಬಂದ ಮೇಲೆ. ಮನೆಯ ಕಟ್ಟೆಯ ಮೇಲೆ ಒಬ್ಬ ವಯಸ್ಸಾದ ತಾಯಿ ಎಳೆಬಿಸಿಲಿಗೆ ಬೆನ್ನು ಕೊಟ್ಟು ಬೀಡಿ ಕಟ್ಟುತ್ತಿದ್ದರು. ತೊಡೆಯ ಮೇಲೆ ಮೊರ, ಮೊರದಲ್ಲಿ ಕತ್ತರಿಸಿದ ಎಲೆ, ತಂಬಾಕು, ದಾರ. ಕೈ ನೋಡುನೋಡುತ್ತಿದ್ದಂತೆ ಸುತ್ತಿ ಕಟ್ಟಿ ಒಗೆಯುತ್ತಿತ್ತು, ಕಣ್ಣು ಮಾತ್ರ ಓಣಿಯ ಕಡೆ. ನಮ್ಮಲ್ಲೊಬ್ಬರು (ಯಾರು ಅಂತ ಬರೆಯುವುದು ಬೇಡ, ಇಬ್ಬರಲ್ಲೊಬ್ಬರು) ಮೊಬೈಲ್ ಎತ್ತಿ ಕ್ಲಿಕ್ ಮಾಡಿದೆವು. ಆ ತಾಯಿ ನೋಡಿಬಿಟ್ಟರು. ಅರ್ಧ ತೆಲುಗು, ಅರ್ಧ ಮರಾಠಿಯಲ್ಲಿ ಬೈಗುಳ ಶುರುವಾಯಿತು. ತೆಲುಗಿನದು ಪೂರ್ತಿ ತಿಳಿಯಲಿಲ್ಲ, ತಿಳಿದದ್ದೇ ಸಾಕಾಗಿತ್ತು. ಅದರ ಸಾರ ಇಷ್ಟು: ನಾನು ಹೇಗೆ ಕಾಣುತ್ತೇನೆ ಅಂತ ನನಗೇ ತೋರಿಸದೆ ಒಯ್ಯುತ್ತೀರೇನು? ಮಕ್ಕಳಿಗೆ ಇದನ್ನೇ ಕಲಿಸುತ್ತೀರೇನು?

ಮಕ್ಕಳ ಮುಂದೆ ತಲೆ ತಗ್ಗಿಸಿ ನಿಂತದ್ದು ಶಿಕ್ಷಕ ವೃತ್ತಿಯಲ್ಲಿ ನಮಗೆ ಹೊಸದು. ಹತ್ತಿರ ಹೋಗಿ ಕ್ಷಮೆ ಕೇಳಿ ಫೋಟೋ ತೋರಿಸಿದೆವು. ಅವರು ಬಹಳ ಹೊತ್ತು ನೋಡಿದರು. “ಇದು ಬೇಡ” ಅಂದರು. ಅವರ ಮುಂದೆಯೇ ಅಳಿಸಿದೆವು. ಆಮೇಲೆ ಒಳಗೆ ಹೋಗಿ ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು, ಮೊರವನ್ನು ಬದಿಗೆ ಸರಿಸಿ ನೆಟ್ಟಗೆ ಕೂತು “ಈಗ ತೆಗೀರಿ” ಅಂತ ಸನ್ನೆ ಮಾಡಿದರು. ಪಾಸ್‌ಪೋರ್ಟ್ ಫೋಟೋದ ಹಾಗೆ ಬಿಗಿಯಾಗಿ ಬಂತು. ಚಿತ್ರ ಅಂತ ನೋಡಿದರೆ ಅಳಿಸಿದ್ದೇ ಎಷ್ಟೋ ಪಾಲು ಚೆನ್ನಾಗಿತ್ತು, ಇವತ್ತಿಗೂ ಹಾಗೇ ಅನ್ನಿಸುತ್ತದೆ. ಆದರೆ ಭಿತ್ತಿಪತ್ರಿಕೆಗೆ ಹೋದದ್ದು ಎರಡನೆಯದು. ಅದರದೊಂದು ಪ್ರತಿ ಪ್ರಿಂಟ್ ಹಾಕಿಸಿ ಅವರಿಗೂ ಕೊಟ್ಟು ಬಂದೆವು. ಅಂದಿನಿಂದ ಮಕ್ಕಳು ತಾವೇ ಒಂದು ನಿಯಮ ಮಾಡಿಕೊಂಡರು: ಮೊದಲು ಕೇಳುವುದು, ಆಮೇಲೆ ತೆಗೆಯುವುದು, ತೆಗೆದದ್ದನ್ನು ತೋರಿಸುವುದು. ಕೇಳಿದರೆ ಜನ ಬಿಗಿಯಾಗುತ್ತಾರೆ, ನಿಜ. ಹತ್ತು ನಿಮಿಷ ಅಲ್ಲೇ ಕೂತು ಮಾತಾಡಿದರೆ ಮತ್ತೆ ಸಡಿಲಾಗುತ್ತಾರೆ ಅನ್ನುವುದನ್ನೂ ಮಕ್ಕಳೇ ಕಂಡುಕೊಂಡರು.

ಹಾಗೆ ಕೂತು ಮಾತಾಡುವಾಗಲೇ ಇನ್ನೊಂದು ಸಂಗತಿ ಗೊತ್ತಾದದ್ದು. ಸಂತೆಯಲ್ಲಿ ಸುಲಗಾಯಿ, ಬಾರಿಹಣ್ಣು ಮಾರುವ ಅಕ್ಕಂದಿರು ಗಿರಾಕಿಗೆ ಮರಾಠಿಯಲ್ಲಿ ದರ ಹೇಳಿ, ಪಕ್ಕದವಳ ಹತ್ತಿರ ಕನ್ನಡದಲ್ಲಿ ಚೌಕಾಸಿಯ ಗಿರಾಕಿಯನ್ನು ಆಡಿಕೊಳ್ಳುತ್ತಾರೆ! ಅಕ್ಕಲಕೋಟ ತಾಲೂಕಿನ ಹಳ್ಳಿಗಳಿಂದ ಬೆಳಗಿನ ಬಸ್ಸಿಗೆ ಬಂದವರು. ನಮ್ಮ ಮಕ್ಕಳು ಕನ್ನಡದಲ್ಲಿ ಕೇಳಿದ ಕೂಡಲೇ ಗಾಬರಿಯಾಗಿ ಬಾಯಿಗೆ ಸೆರಗು ಹಿಡಿದು ನಕ್ಕರು. ಆ ನಗುವೇ ಫೋಟೋ ಆಯಿತು. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು, ಒಬ್ಬ ಅಕ್ಕ ಚರಗ ಚೆಲ್ಲಲು ತಮ್ಮ ಹೊಲಕ್ಕೇ ಬನ್ನಿ ಅಂದಳು. ನಾಲ್ವರು ಮಕ್ಕಳು ಹೋಗಿಯೂ ಬಂದರು, ಸೀತನಿ ತಿಂದು, ಭಜ್ಜಿ ರೊಟ್ಟಿ ಉಂಡು. ತಂದ ಫೋಟೋಗಳಲ್ಲಿ ಊಟದ್ದೇ ಹೆಚ್ಚು.

ಹಿಪ್ಪರಗಾ ಕೆರೆಗೂ ಒಮ್ಮೆ ಹೋಗಿದ್ದೆವು. ಚಳಿಗಾಲಕ್ಕೆ ಹಿಮಾಲಯದಾಚೆಯಿಂದ ಪಟ್ಟೆತಲೆಯ ಬಾತುಗಳು ಬರುವ ಜಾಗ. ಹಕ್ಕಿಗಳನ್ನು ಕಣ್ಣುತುಂಬ ನೋಡಿದೆವು. ಫೋಟೋದಲ್ಲಿ ಮಾತ್ರ ಸಾಸಿವೆ ಕಾಳು ಚೆಲ್ಲಿದ ಹಾಗಿವೆ.

ಜನವರಿ ಬಂತು. ಹನ್ನೆರಡನೇ ತಾರೀಖು ಇಲ್ಲಿಯ ನಾಲ್ವರು ಹುತಾತ್ಮರ ದಿನ. 1930ರ ಮೇ ತಿಂಗಳಲ್ಲಿ ಸೊಲ್ಲಾಪುರದಲ್ಲಿ ಮಾರ್ಷಲ್ ಲಾ ಹೇರಿ, 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಶ್ರೀಕೃಷ್ಣ ಸಾರಡಾ, ಜಗನ್ನಾಥ ಶಿಂದೆ ಇವರನ್ನು ಗಲ್ಲಿಗೇರಿಸಿದರು. ಚೌಕದ ಪುತ್ಥಳಿಗಳ ಫೋಟೋ ಎಲ್ಲ ಪೇಪರಿನಲ್ಲೂ ಬರುತ್ತದೆ. ನಮ್ಮ ಮಕ್ಕಳು ಬೆಳಿಗ್ಗೆ ಬೇಗ ಹೋಗಿ, ಮಾಲೆ ಬೀಳುವ ಮೊದಲು ಪುತ್ಥಳಿಗಳ ಮುಖ ತೊಳೆಯುತ್ತಿದ್ದವನ ಫೋಟೋ ತೆಗೆದು ತಂದರು. ಕೇಳಿಯೇ ತೆಗೆದದ್ದು.

ಅದರ ಬೆನ್ನಿಗೇ ಗಡ್ಡಾ ಯಾತ್ರೆ. ಹೊರಗಿನ ಓದುಗರಿಗಾಗಿ ನಾಲ್ಕು ಮಾತು: ಸಿದ್ಧರಾಮೇಶ್ವರರನ್ನೇ ಮದುವೆಯಾಗಬೇಕೆಂದ ಕುಂಬಾರ ಕನ್ಯೆಗೆ ಅವರ ಯೋಗದಂಡದೊಡನೆ ಮದುವೆಯಾಯಿತು ಅನ್ನುವ ಐತಿಹ್ಯದ ನೆನಪಿಗೆ ಸಂಕ್ರಾಂತಿಯ ಸುತ್ತ ನಡೆಯುವ ಜಾತ್ರೆ. ಬಿಳಿ ಬಾರಾಬಂದಿ ತೊಟ್ಟವರು ಏಳು ನಂದಿಧ್ವಜಗಳನ್ನು ಹೊತ್ತು ಊರಿನ ಅರವತ್ತೆಂಟು ಲಿಂಗಗಳನ್ನು ಸುತ್ತುತ್ತಾರೆ. ಮೆರವಣಿಗೆಯ ದಾರಿಯುದ್ದಕ್ಕೂ ರಂಗೋಲಿ. ಊರಲ್ಲಿರುವ ಮೊಬೈಲುಗಳೆಲ್ಲ ಆಕಾಶಕ್ಕೆ ಎತ್ತಿರುತ್ತವೆ. ನಾವು ಕ್ಯಾಲೆಂಡರಿನ ಪಾಠ ಕಲಿತಿದ್ದೆವಲ್ಲ, ಹಿಂದಿನ ದಿನವೇ ಓಣಿಗಳಿಗೆ ಹೋದೆವು. ತಂತಿಯ ಮೇಲೆ ಒಣಗುತ್ತಿದ್ದ ಬಾರಾಬಂದಿಗಳು, ಹಿತ್ತಲಲ್ಲಿ ರಂಗೋಲಿಗೆ ಬಣ್ಣ ಜರಡಿ ಹಿಡಿಯುವ ಹುಡುಗಿಯರು, ಇಂಥವು ಸಿಕ್ಕವು.

ಅಲ್ಲಿ ಸೆಲ್ಲಿನ ಹುಡುಗ ಒಂದು ಬ್ಯಾನರಿನ ಮುಂದೆ ನಿಂತುಬಿಟ್ಟ. ದೇವನಾಗರಿ ಅಕ್ಷರದ, ಮರಾಠಿ ಬ್ಯಾನರು, ಯಾತ್ರೆಯ ಕಾರ್ಯಕ್ರಮಗಳ ಪಟ್ಟಿ. ತುಟಿ ಅಲ್ಲಾಡಿಸಿ ಓದಿದ. ಆಮೇಲೆ ಕೂಗಿದ: “ಸರ್, ಯಣ್ಣೀಮಜ್ಜನ ಅಂತ ಬರದಾರ್ರೀ! ಇದು ಎಣ್ಣಿಮಜ್ಜನ ಅಲ್ರೀ? ನಮ್ಮವ್ವ ದೀಪಾವಳಿಗೆ ಎಣ್ಣಿ ಹಚ್ಚಿ ಎರಿತಾಳಲ್ರೀ, ಅದ!”

ಎಲ್ಲರೂ ಓಡಿದೆವು. ನಿಜ, ಅದೇ. ಲಿಂಗಗಳಿಗೆ ಎಣ್ಣೆ ಹಚ್ಚಿ ಮಾಡುವ ಮಜ್ಜನ. ಕೆಳಗಿನ ಸಾಲಿನಲ್ಲಿ ಕೊನೆಯ ದಿನದ ಕಾರ್ಯಕ್ರಮ, ‘ಕಪ್ಪಡಕಳೀ’. ಕಪ್ಪಡ ಅಂದರೆ ಬಟ್ಟೆ, ಕಳೆಯುವುದು ಅಂದರೆ ತೆಗೆಯುವುದು. ನಂದಿಧ್ವಜಗಳ ವಸ್ತ್ರ ಇಳಿಸುವ ವಿಧಿ. ಅಕ್ಷತೆ ಬೀಳುವ ಜಾಗ ‘ಸಮ್ಮತಿ ಕಟ್ಟಾ’, ನಮ್ಮ ಕಟ್ಟೆ. ಮರಾಠಿ ಮನೆಯವರು, ತೆಲುಗು ಮನೆಯವರು, ಇಡೀ ಊರು ವರ್ಷಕ್ಕೊಮ್ಮೆ ಈ ಶಬ್ದಗಳನ್ನು ಬಾಯಿತುಂಬ ಹೇಳುತ್ತದೆ. ಈ ಹೆಸರುಗಳನ್ನು ನಾವೂ ಎಷ್ಟು ವರ್ಷ ಕೇಳಿದ್ದೆವು! ಬೋರ್ಡಿನ ಮೇಲೆ ಕನ್ನಡ ಹುಡುಕಿ ಆರೋ ಏಳೋ ಅಂತ ಎಣಿಸಿ ನಿರಾಶರಾದವರಿಗೆ ಇದು ಹೊಳೆದಿರಲಿಲ್ಲ. ಹುಡುಗ ಬ್ಯಾನರಿನ ಫೋಟೋ ತೆಗೆದ. ಅದರ ಕೆಳಗೆ ಒಬ್ಬ ಅಜ್ಜ ಬಿಸಿಲು ಕಾಯಿಸುತ್ತ ಕೂತಿದ್ದರು, ಅವರನ್ನು ಕೇಳಿ ಅವರನ್ನೂ ಸೇರಿಸಿಕೊಂಡ. ಆಮೇಲೆ, ಅದೇ ಮೊದಲ ಸಲ, ಕ್ಯಾಮರಾವನ್ನು ಗೆಳೆಯನ ಕೈಗೆ ಕೊಟ್ಟು ತಾನೂ ಬ್ಯಾನರಿನ ಕೆಳಗೆ ನಿಂತ.

ಶಾಲೆಯ ಬೋರ್ಡಿನ ಕೆಳಗಿನ ಫೋಟೋಗಳಲ್ಲಿ ಅವನು ಯಾಕೆ ಇರಲಿಲ್ಲ ಅನ್ನುವುದು ಅಂದು ಮರಳಿ ಬರುವಾಗ ಅವನ ಗೆಳೆಯನ ಬಾಯಿಂದ ಗೊತ್ತಾಯಿತು. ಅವನ ಓಣಿಯಲ್ಲಿ ಕನ್ನಡ ಶಾಲೆ ಅಂದರೆ ನಗುತ್ತಾರಂತೆ. ಇಂಗ್ಲಿಷ್ ಶಾಲೆಗೆ ಹೋಗುತ್ತೇನೆ ಅಂತ ಅವನು ಹೇಳಿಕೊಂಡಿದ್ದನಂತೆ. ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗಿ ಓಣಿಗೆ ತಲುಪಿದರೆ ಎಂಬ ಭಯ. ಒಂದೂವರೆ ತಿಂಗಳು ನಾವು ಅದನ್ನು ಕ್ಯಾಮರಾದ ಹುಚ್ಚು ಅಂದುಕೊಂಡಿದ್ದೆವು.

ಸಂಚಿಕೆ ಚೆನ್ನಾಗಿ ಆಯಿತು. ಮೂವತ್ತೆರಡು ಫೋಟೋ, ಪ್ರತಿಯೊಂದರ ಕೆಳಗೆ ಮಕ್ಕಳದೇ ಎರಡು ಸಾಲು. ಪಾಲಕರು ಬಂದು ನೋಡಿದರು. ಮಗ್ಗದ ಅಪ್ಪ ತಮ್ಮ ಕೈಯ ಫೋಟೋದ ಮುಂದೆ ಬಹಳ ಹೊತ್ತು ನಿಂತಿದ್ದರು. “ಸಿಲೆಬಸ್ ಯಾವಾಗ ಮುಗಸ್ತೀರಿ?” ಅಂತ ಮೊದಲು ಗೊಣಗಿದ್ದ ಹಿರಿಯರೂ ಅತಿಥಿಗಳನ್ನು ಕರೆತಂದು ತೋರಿಸಿದರು. ಇರಲಿ.

ಸೆಲ್ಲಿನ ಹುಡುಗನ ಅಪ್ಪ ಜೂನ್‌ನಲ್ಲಿ ಬಂದು ಎಲ್.ಸಿ. ಕೇಳಿದರು. ಹತ್ತನೇ ಇಯತ್ತೆಗೆ ಯಾರೂ ಶಾಲೆ ಬದಲಿಸುವುದಿಲ್ಲ ಅಂತ ತಿಳಿಹೇಳಿದೆವು. ಅವರು ಕೆಟ್ಟವರಲ್ಲ, ಮುಂದಿನ ನೌಕರಿಯ ಚಿಂತೆ. ತಮ್ಮನನ್ನು ಆಗಲೇ ಬೇರೆ ಶಾಲೆಗೆ ಹಾಕಿದ್ದರು. ಹೋಗುವ ಮುನ್ನ ಅವರಿಗೆ ಮಗನ ಫೋಟೋ ತೋರಿಸಿದೆವು. “ಅಂವಾ ಹೇಳಿದ್ದ, ಎಣ್ಣಿಮಜ್ಜನ” ಅಂದರು, ನಕ್ಕರು. ಎಲ್.ಸಿ. ತೆಗೆದುಕೊಂಡೇ ಹೋದರು. ಈಗ ಆ ವರ್ಗದಲ್ಲಿ ಹದಿಮೂರು.

ಈ ವರ್ಷ ಡಿಸೆಂಬರಿನ ಮೊದಲ ಭಾನುವಾರ ಹೊಸ ಒಂಬತ್ತನೇ ಇಯತ್ತೆಯ ಮಕ್ಕಳೊಡನೆ ಆರೂವರೆಗೆ ಗೇಟಿನ ಮುಂದೆ ಸೇರಿದ್ದೆವು. ಇನ್ನೂ ಕತ್ತಲು. ಬೋರ್ಡಿನ ಕೆಳಗೆ ಮಫ್ಲರ್ ಸುತ್ತಿಕೊಂಡ ಒಬ್ಬ ನಿಂತಿದ್ದ, ಸ್ವಲ್ಪ ಎತ್ತರ ಆಗಿದ್ದಾನೆ. ಸರ್, ಮೇಡಂ ಅಂತ ನಮಸ್ಕಾರ ಮಾಡಿದ. ಒಳಜೇಬಿನಿಂದ ಎರಡು ಸೆಲ್ಲು ತೆಗೆದು ನಮ್ಮ ಕೈಗಿಟ್ಟ. ಹೊಸವು, ಬೆಚ್ಚಗಿದ್ದವು.